ಆಂಟಾಪ್ ಹಿಲ್ ಬಾಯಿ ಮುಚ್ಚಿದ ದಿನ

ಸೂರ್ಯ ಎಲ್ಲಿ ಬೇಕಾದರೂ ಹುಟ್ಟಲಿ, ಮುಂಬೈಯ ಆಂಟಾಪ್ ಹಿಲ್‌ನಲ್ಲಿ ಇಂಟರ್‌ನೆಟ್ ಹುಟ್ಟುವುದು ಮಾತ್ರ ಈ ಧನರಾಜ್ ಶೆಟ್ಟಿಯ ಅಂಗಡಿಯಲ್ಲಿ. ನಾನೊಮ್ಮೆ ಜೋರಾಗಿ ಸೀನಿದರೆ ಹತ್ತಾರು ಬಿಲ್ಡಿಂಗುಗಳಲ್ಲಿ ಸೀರಿಯಲ್ ನಿಲ್ಲುತ್ತದೆ. ಹೆಗಲಿಗೆ ಕೇಬಲ್ ಸುರುಳಿ ಹಾಕಿಕೊಂಡು ನಡೆದು ಬಂದರೆ ಗೇಟಿನ ವಾಚ್‌ಮನ್ ಮಂತ್ರಿ ಬಂದನೆಂದು ಎದ್ದು ನಿಲ್ಲುತ್ತಾನೆ. ಇಂಥ ನನ್ನನ್ನು ಒಬ್ಬ ಹುಡುಗಿ ಬಾಗಿಲಲ್ಲೇ ನಿಲ್ಲಿಸಿ, ಕಣ್ಣು ಕಿರಿದು ಮಾಡಿ ಕೇಳಿದಳು:

"ನಿಮ್ಮ ನೆಟ್ ಖರೇನ ಓಡ್ತೈತೋ, ಇಲ್ಲಾ ಬರೇ ನಿಮ್ಮ ಬಾಯಿ ಓಡ್ತೈತೋ?"

ವೈಶಾಲಿ. ಧಾರವಾಡದವಳು. ಮೂರನೇ ಮಹಡಿಯ ಅಂಬವ್ವನ ತಂಗಿಯ ಮಗಳು.

ಉತ್ತರ ಕೊಡಲು ಬಾಯಿ ತೆರೆದೆ. ಮುಂಬೈಯ ಇತಿಹಾಸದಲ್ಲೇ ಮೊದಲ ಬಾರಿಗೆ ಅದರಿಂದ ಏನೂ ಹೊರಬೀಳಲಿಲ್ಲ. ಅವಳ ಎಡಗೆನ್ನೆಯಲ್ಲೊಂದು ಗುಳಿ ಇತ್ತು. ಇಡೀ ಸಯನ್ ಸ್ಟೇಷನ್ನೇ ಅದರೊಳಗೆ ಬಿದ್ದರೆ ಹುಡುಕಿದರೂ ಸಿಗುತ್ತಿರಲಿಲ್ಲ.

ಅವಳ ಕೆಲಸವೂ ವಿಚಿತ್ರವೇ. ಮನೆಯಲ್ಲಿ ಕೂತು ಆಫೀಸಿನ ಕೆಲಸ ಮಾಡುವವರಿಗೆ ಯಾವ ಊರು ಎಷ್ಟು ಒಗ್ಗುತ್ತದೆ ಎಂದು ಅಳೆಯುವುದು. ಒಂದೊಂದು ಊರಿನಲ್ಲಿ ತಿಂಗಳು ಇದ್ದು, ಲ್ಯಾಪ್‌ಟಾಪಿನಲ್ಲಿ ದುಡಿದು, ನೆಟ್ಟಿಗೆ, ಸದ್ದಿಗೆ, ಕೂತು ದುಡಿಯುವ ಜಾಗಕ್ಕೆ ಹತ್ತರಲ್ಲಿ ಮಾರ್ಕ್ಸ್ ಕೊಡಬೇಕು. ಇಂದೂರು, ಕೊಚ್ಚಿ ಮುಗಿಸಿ ಬಂದಿದ್ದಳು. ಅದುವರೆಗೆ ಇಂದೂರೇ ಮುಂದಿತ್ತು; ಮುಂಬೈಯೇ ಕೊನೆಯದು. ಆಮೇಲೆ ಆ ಮೂರರಲ್ಲಿ ಒಂದನ್ನು ಆರಿಸಿಕೊಂಡು ಅಲ್ಲೇ ನೆಲೆಸು ಎಂದು ಕಂಪನಿ ಹೇಳಿತ್ತು.

ಅಂದರೆ ಏನಾಯಿತು? ಮುಂಬೈ ಫೇಲಾದರೆ ಆ ಗುಳಿ ಇಂದೂರಿನ ರೈಲು ಹತ್ತುತ್ತದೆ!

ನೆಟ್ ಸರಿಯಾಗಿಯೇ ಇತ್ತು. ಆದರೂ ನಾನು ದಿನಾ ರಿಪೇರಿಗೆ ಹೋದೆ.

"ಮತ್ತ ಏನ್ ಕೆಟ್ಟೈತ್ರಿ ಶೆಟ್ರ?"

"ಎಂತದೂ ಕೆಟ್ಟಿಲ್ಲ. ಕೆಡದ ಹಾಗೆ ನೋಡ್ಕೊಳ್ಳೋದು ಉಂಟಲ್ಲ, ಅದೇ ದೊಡ್ಡ ಕೆಲಸ. ಅಮೆರಿಕದವ್ರು ಕೂಡ ನನ್ನತ್ರ ಕೇಳಿಯೇ ಮಾಡೋದು."

"ಅವ್ರಿಗೆ ಕನ್ನಡ ಬರತೈತೇನ್ರಿ?"

"ನನ್ನ ಹತ್ರ ಮಾತಾಡ್ಬೇಕಾದ್ರೆ ಕಲೀತಾರೆ ಮಾರಾಯ್ರೆ!"

ಅವಳು ತುಟಿ ಕಚ್ಚಿ ನಗು ತಡೆದು ಸ್ಕ್ರೀನಿನತ್ತ ತಿರುಗಿದಳು. ಸ್ಕ್ರೀನ್ ಆಫ್ ಆಗಿತ್ತು. ಆ ಕಪ್ಪು ಗಾಜಿನಲ್ಲಿ ಅವಳು ನನ್ನನ್ನು ನೋಡುತ್ತಿದ್ದಳು, ನಾನು ಅವಳನ್ನು. ಇಬ್ಬರೂ ಏನೋ ಭಾರೀ ಕೆಲಸದಲ್ಲಿರುವವರಂತೆ ಅಲುಗಾಡಲಿಲ್ಲ.

ಚಹಾ ತಂದಿಟ್ಟ ಅಂಬವ್ವ ಕೆಮ್ಮಿದರು. "ಧನರಾಜಾ, ನಮ್ಮ ಮನಿ ಕೇಬಲ್ಲಿಗೆ ನಿನ್ನ ಕಂಡ್ರ ಬಾಳ ಪ್ರೀತಿ ನೋಡಪಾ. ದಿನಾ ಕರೀತೈತಿ."

ವೈಶಾಲಿ ಕೆಂಪಾಗಿ ಮಾತು ತಿರುಗಿಸಿದಳು. "ನೆಟ್ಟಿಗೆ ಒಂಬತ್ತು ಕೊಡ್ತೀನ್ರಿ, ಒಪ್ಪಿದೆ. ಆದ್ರ ಈ ಸದ್ದು! ಮೀಟಿಂಗಿನಾಗ ಕುಕ್ಕರ್ ಕೂಗ್ತಾವ, ಬಾಜೂಕ ಗ್ವಾಡಿ ಕೊರೀತಾರ, ಕೆಳಗ ಕ್ರಿಕೆಟ್. ಶುಕ್ರವಾರ ಕೊನೀ ಸಲ ನೋಡ್ತೀನಿ. ಅವತ್ತ ಮಾರ್ಕ್ಸ್ ಕಳಸ್ತೀನಿ."

ಶುಕ್ರವಾರ ಬೆಳಿಗ್ಗೆ ನಾನು ಮನೆಮನೆಯ ಬಾಗಿಲು ತಟ್ಟಿದೆ. "ಮಧ್ಯಾಹ್ನದ ತನಕ ಯಾರ ಮನೆ ಕುಕ್ಕರ್ ಕೂಗ್ತದೋ, ಅವರ ಸೀರಿಯಲ್ ಈ ಜನ್ಮದಲ್ಲಿ ಮುಂದುವರಿಯೋದಿಲ್ಲ!"

ದೇವರಾಣೆ, ಆಂಟಾಪ್ ಹಿಲ್ ಬಾಯಿ ಮುಚ್ಚಿತು. ಪಕ್ಕದ ಮನೆಯಲ್ಲಿ ಗೋಡೆ ಕೊರೆಯುತ್ತಿದ್ದ ಭೀಮರಾಯ ಡ್ರಿಲ್ಲನ್ನು ಕೂಸಿನಂತೆ ಮಡಿಲಲ್ಲಿ ಮಲಗಿಸಿಕೊಂಡು ಕೂತ. ಮೀನಿನವಳು ಬಂಗುಡೆಯನ್ನು ಸನ್ನೆಯಲ್ಲೇ ಮಾರಿದಳು. ಪಾರಿವಾಳಗಳೂ ತುದಿಗಾಲಲ್ಲಿ ನಡೆದವು. ಹಿಮಾಲಯದ ಋಷಿಗಳಿಗೆ ಸುದ್ದಿ ಮುಟ್ಟಿದ್ದರೆ ಗಂಟುಮೂಟೆ ಕಟ್ಟಿಕೊಂಡು ಬಂದು ಬಾಡಿಗೆಗೆ ಖೋಲಿ ಕೇಳುತ್ತಿದ್ದರು.

ಒಂದೇ ಒಂದು ವಿಷಯ ಮರೆತಿದ್ದೆ. ನಮ್ಮ ಬಿಲ್ಡಿಂಗಿನವರು ಉಪಕಾರ ಮಾಡಿದರೆ, ಮಾಡಿದೆವು ಎಂದು ಹೇಳದೆ ಇರಲಾರರು.

ಮೀಟಿಂಗ್ ಶುರುವಾದೊಡನೆ ಮೇಲಿನ ಮನೆಯ ರಾಜೀವಿಯಕ್ಕ ಒಳಗೆ ತಲೆ ಹಾಕಿದರು. "ನಾವು ಎಂತ ಶಬ್ದವೂ ಮಾಡ್ತಾ ಇಲ್ಲ, ಆಯ್ತಾ? ನಿಂಗೆ ಸಾಕಾಗ್ತದಲ್ಲ ಇಷ್ಟು?"

ಅವರ ಹಿಂದೆ ಭೀಮರಾಯ. "ತಂಗಿ, ಡ್ರಿಲ್ ಬಂದ್ ಇಟ್ಟೀನಿ. ಬೇಕಾದ್ರ ಬಂದು ನೋಡವಾ."

ಅವನ ಹಿಂದೆ ಸೊಸೈಟಿ ಸೆಕ್ರೆಟರಿ, ಎಲ್ಲ ಶಾಂತವಾಗಿದೆಯಲ್ಲ ಎಂದು ಮರಾಠಿಯಲ್ಲಿ ವಿಚಾರಿಸುತ್ತ. "ಸಗಳಂ ಶಾಂತ್ ಆಹೇ ನಾ?"

ಅವರ ಹಿಂದೆ ಮೆಟ್ಟಿಲುದ್ದಕ್ಕೂ ಕ್ಯೂ. ಎಲ್ಲರೂ ಪಿಸುಗುಟ್ಟುತ್ತಿದ್ದರು ನಿಜ. ಆದರೆ ಇಡೀ ಬಿಲ್ಡಿಂಗ್ ಒಟ್ಟಿಗೆ ಪಿಸುಗುಟ್ಟಿದರೆ ಫಾಸ್ಟ್ ಲೋಕಲ್ ರೈಲು ಹಾದುಹೋದಂತೆ ಕೇಳುತ್ತದೆ.

ವೈಶಾಲಿ ಲ್ಯಾಪ್‌ಟಾಪ್ ಮುಚ್ಚಿ ಹೊರಬಂದಳು. "ಯಾರ್ ಮಾಡಿದ್ದಿದು?"

ಬೆರಳುಗಳೆಲ್ಲ ಒಮ್ಮೆಗೇ ಮೆಟ್ಟಿಲಲ್ಲಿ ನಿಂತಿದ್ದ ನನ್ನತ್ತ ತಿರುಗಿದವು. ಅಷ್ಟೂ ಜನ ನನ್ನ ನೆಟ್ ಉಂಡವರು!

ಸಂಜೆ ಟೆರೇಸಿನಲ್ಲಿ, ಸಿಕ್ಕೇ ಇಲ್ಲದ ಕೇಬಲ್ಲಿನ ಸಿಕ್ಕು ಬಿಡಿಸುತ್ತ ಕೂತಿದ್ದೆ. ಅವಳು ಬಂದು ಎದುರಿಗೆ ನಿಂತಳು.

"ನಗಬೇಕೋ ಸಿಟ್ಟಾಗಬೇಕೋ ತಿಳೀವಲ್ದು ನನಗ. ನನ್ನ ಮಾತು ನಂಬಿ ಯಾರೋ ಮನಿ ಬಿಟ್ಟು ಇಲ್ಲಿ ಬರ್ತಾರ್ರಿ. ಅವ್ರಿಗೆ ಸುಳ್ಳ ಹೇಳ್ಲೇನು?"

"ಸುಳ್ಳು ಅಂತ ಅಲ್ಲ, ಸ್ವಲ್ಪ..."

"ಸದ್ದಿಗೆ ಎರಡು ಕೊಟ್ಟೆ, ಜಾಗಕ್ಕ ಒಂದು. ಮೂರೂ ಊರಿನಾಗ ಮುಂಬೈನ ಕಡೀಗೆ. ಮಾರ್ಕ್ಸ್ ಕಳಿಸಿನೂ ಆತು."

ನನ್ನ ಎದೆ ಕುಸಿದ ಸದ್ದು ಮುಲುಂಡಿನವರೆಗೆ ಕೇಳಿಸಿರಬೇಕು. "ಹಾಗಾದ್ರೆ ನೀವು ಇಂದೂರಿಗೆ?"

"ಎಲ್ಲಿ ಇರ್ತೀನಿ ಅಂತ ಕಂಪನಿಗೆ ಇನ್ನೂ ಬರದಿಲ್ಲ." ಅವಳು ಫೋನನ್ನು ಎದೆಗೆ ಒತ್ತಿಕೊಂಡಳು. "ಮೊದ್ಲ ನೀವು ಹೇಳ್ರಿ. ಇಷ್ಟೆಲ್ಲಾ ಯಾಕ ಮಾಡಿದ್ರಿ? ಅಮೆರಿಕ ಬ್ಯಾಡ, ಬಡಾಯಿ ಬ್ಯಾಡ. ಇದ್ದದ್ದ ಇದ್ದಂಗ, ಒಂದ ಮಾತು."

ಚಂದ್ರ, ಅರಬ್ಬೀ ಸಮುದ್ರ, ಏಳೇಳು ಜನ್ಮ, ಎಲ್ಲವೂ ನಾಲಿಗೆಯ ತುದಿಗೆ ಬಂದು ನೂಕಾಡಿದವು. ಅವಳು ಕಾಯುತ್ತಿದ್ದಳು. ಗಾಳಿಗೆ ಹಾರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ನಾನು ಎಲ್ಲವನ್ನೂ ವಾಪಸು ನುಂಗಿದೆ.

"ನೀವು ಹೋದ್ರೆ ನಂಗೆ ಬೇಜಾರಾಗ್ತದೆ."

ಅಷ್ಟೇ. ಇಷ್ಟು ಚಿಕ್ಕ ಮಾತನ್ನು ಆಡಿದ್ದಕ್ಕೆ ನನ್ನ ಕಿವಿಗಳು ಕೆಂಡವಾದವು.

ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ಇನ್ನೊಮ್ಮೆ ಹೇಳ್ರಿ."

"ತುಂಬಾ, ತುಂಬಾ ಬೇಜಾ..."

"ತುಂಬಾ ಬ್ಯಾಡ. ಮೊದ್ಲು ಹೇಳಿದಂಗ."

ಹೇಳಿದೆ. ಒಂದಕ್ಷರವೂ ಹೆಚ್ಚಿಲ್ಲದೆ.

ಅವಳು ಫೋನಿನಲ್ಲಿ ಒಂದೇ ಒಂದು ಪದ ಟೈಪ್ ಮಾಡಿ, ನನ್ನತ್ತ ತಿರುಗಿಸಿ ತೋರಿಸಿ, ಕಳಿಸಿಯೇಬಿಟ್ಟಳು. ಮುಂಬೈ.

"ಮಾರ್ಕ್ಸ್ ಮಂದೀ ಸಲುವಾಗಿ, ಅವು ಖರೇನ ಇರಬೇಕು. ಇರೂ ಊರು ನನ್ನ ಸಲುವಾಗಿ." ಗುಳಿ ನಿಧಾನವಾಗಿ ಮೂಡಿತು. "ನಾಳೆ ಬಂದು ವರ್ಷದ ಪ್ಲಾನ್ ಹಾಕಿಕೊಡ್ರಿ."

"ಜನ್ಮದ ಪ್ಲಾನೇ ಉಂಟು!"

"ವರ್ಷದ್ದರಿಂದ ಶುರು ಮಾಡೂಣು, ಶೆಟ್ರ," ಎಂದು ಅವಳು ತನ್ನ ಕಿರುಬೆರಳನ್ನು ನನ್ನ ಕಿರುಬೆರಳಿಗೆ ಕೊಂಡಿ ಹಾಕಿದಳು.