ಮೂರನೇ ಶೆಡ್ಡಿನ ಉಸಿರು

"ಎಲ್ಲಿ, ನಿಮ್ಮ ನಾಲಿಗೆ ತೋರ್ಸಿ."

ನಮ್ಮ ಪರಿಚಯವಾದದ್ದೇ ಹೀಗೆ. ಕೋಳಿಗಳ ಲಸಿಕೆಯ ನೀರಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಕುಡಿದ ಕೋಳಿಯ ನಾಲಿಗೆ ನೀಲಿಯಾಗುತ್ತದೆ. ಒಂದೊಂದೇ ಕೋಳಿಯ ಕೊಕ್ಕು ಬಿಡಿಸಿ ನೋಡುತ್ತಾ ಬಂದ ಡಾಕ್ಟರ್ ಕ್ಯಾಲಮ್ ನನ್ನೆದುರು ನಿಂತು ಹಾಗೆಂದ.

"ನಾನೇನು ಕೋಳೀನಾ?" ರೇಗಿದೆ.

"ಅಲ್ಲ ಬಿಡಿ. ಕೋಳಿಗಳು ಇಷ್ಟು ಸಿಡುಕಲ್ಲ."

ನಗು ಬಂತು. ಮುಖ ತಿರುಗಿಸಿಕೊಂಡೆ. ಆದರೂ ನೋಡಿಬಿಟ್ಟ, ಕಳ್ಳ.

ಮನುಷ್ಯರ ಕೊರೊನಾ ನಿನ್ನೆ ಮೊನ್ನೆಯದು. ಕೋಳಿಗಳ ಕೊರೊನಾ ಬೇರೆಯೇ ಜಾತಿ. ಟ್ಯಾಮ್‌ವರ್ತ್ ಊರಿನ ಕಡೆ ಕೋಳಿ ಸಾಕುವ ನಮ್ಮಂಥವರಿಗೆ ತಾತನ ಕಾಲದಿಂದ ಗೊತ್ತು. ಅದಕ್ಕೊಂದು ಹೊಸ ಲಸಿಕೆ ಬಂದಿತ್ತು, ಅದನ್ನು ಪರೀಕ್ಷಿಸಲು ಅವನು ನಮ್ಮ ಫಾರ್ಮಿಗೆ ಬಂದಿದ್ದ. ದಿನಕ್ಕೊಂದು ಸಲ ತಪ್ಪದೆ ಕೇಳುತ್ತಿದ್ದ: "ಬ್ರೆನ್ನಾ, ಸಂಜೆ ಪೇಟೆಗೆ ಊಟಕ್ಕೆ ಹೋಗೋಣ್ವಾ?"

"ಸಂಜೆ ನಂಗೆ ಕೆಲ್ಸ ಇದೆ."

ಕೆಲಸ ಇದ್ದದ್ದು ನಿಜ. ದಿನಾ ಸಂಜೆ ಮೂರನೇ ಶೆಡ್ಡಿನ ದೀಪ ಆರಿಸಿ ಒಬ್ಬಳೇ ನಿಲ್ಲುತ್ತಿದ್ದೆ. ಕತ್ತಲಾದೊಡನೆ ಮೂವತ್ತು ಸಾವಿರ ಕೋಳಿ ಒಮ್ಮೆಲೇ ಸುಮ್ಮನಾಗುತ್ತವೆ; ಆಗ ಕಿವಿಗೊಟ್ಟರೆ ರೋಗ ತಗುಲಿದ ಹಕ್ಕಿಯ ಗೊರಗೊರ ಕೇಳುತ್ತದೆ. ಕೋಳಿ ಸಾಕುವವರೆಲ್ಲ ಮಾಡುವುದೇ ಇದು. ನನಗೆ ಕೇಳುತ್ತಿದ್ದದ್ದು ಮಾತ್ರ ಹಕ್ಕಿಯದಲ್ಲ.

ಅಪ್ಪನದು.

"ಮೊದ್ಲು ಕೋಳಿಗಳಿಗೆಲ್ಲ ಹಾಕಿ ಮುಗೀಲಿ, ನನ್ನ ಇಂಜೆಕ್ಷನ್ ಆಮೇಲೆ" ಎಂದು ಮುಂದೂಡುತ್ತಲೇ ಇದ್ದ ಮನುಷ್ಯ, ನಾಲ್ಕು ವರ್ಷದ ಹಿಂದೆ ಕೊರೊನಾದಲ್ಲಿ ಹೋಗಿಬಿಟ್ಟ. ಆಸ್ಪತ್ರೆಯೊಳಗೆ ನನ್ನನ್ನು ಬಿಡಲಿಲ್ಲ. ನರ್ಸ್ ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದಿದ್ದಳು. ಮಣ್ಣು ಮಾಡಿ ಬಂದ ದಿನ ಶೆಡ್ಡಿನ ದೀಪ ಆರಿಸಿದರೆ, ಕೊನೆಯ ಮೂಲೆಯಲ್ಲಿ ಫೋನಿನಲ್ಲಿ ಕೇಳಿದ ಅದೇ ಉಸಿರು. ಅಂದಿನಿಂದ ಕತ್ತಲಲ್ಲಿ ಯಾರನ್ನೂ ಒಳಗೆ ಬಿಟ್ಟಿರಲಿಲ್ಲ.

ಹತ್ತನೇ ದಿನ ಕ್ಯಾಲಮ್ ಹಟ ಹಿಡಿದ. "ಕತ್ತಲಲ್ಲಿ ಹಕ್ಕಿಗಳ ಉಸಿರು ನನ್ನ ಕಿವೀಲೇ ಕೇಳಿಸ್ಕೊಳ್ದೆ ಲಸಿಕೆ ವರದಿಗೆ ನಾನು ಸಹಿ ಹಾಕೋ ಹಾಗಿಲ್ಲ. ಬೇಡ ಅಂದ್ರೆ ಹೇಳ್ಬಿಡಿ, ನಾಳೇನೇ ಬೇರೆ ಫಾರ್ಮಿಗೆ ಹೋಗ್ತೀನಿ."

ಅವನಿಗೆ ಕೇಳಿಸದಿದ್ದರೆ ನನಗೆ ತಲೆ ಕೆಟ್ಟಿದೆ ಎಂದಾಯಿತು. ಅಂಥವಳ ಜೊತೆ ಯಾರು ಬಾಳುತ್ತಾರೆ? ಕೇಳಿಸಿದರೆ, ಅಪ್ಪ ಇನ್ನೂ ಅಲ್ಲಿ ಒದ್ದಾಡುತ್ತಿದ್ದಾನೆ ಎಂದಾಯಿತು. ಆದರೆ ಇವನು ಹೋಗಿಬಿಟ್ಟರೆ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಯಾಕೆ ಮುಚ್ಚಿಡಲಿ, ಅವನ ಮೇಲೆ ಜೀವವೇ ಇಟ್ಟುಕೊಂಡಿದ್ದೆ.

"ಬನ್ನಿ," ಎಂದೆ.

ಶೆಡ್ಡಿನ ಬಾಗಿಲಲ್ಲಿ ಮೊಣಕಾಲೆತ್ತರದ ಅಡ್ಡಹಲಗೆ. ರೋಗ ಒಳಗೆ ಬರದಿರಲೆಂದು ಹೊರಗಿನ ಬೂಟು ಹಲಗೆಯ ಆಚೆ ಬಿಟ್ಟು, ಒಳಗಿನ ಬೂಟು ಹಾಕಿಕೊಳ್ಳಬೇಕು. ಒಳಗೆ ಅಪ್ಪನ ಬೂಟುಗಳೂ ಇದ್ದವು, ಮೂತಿ ಕೋಳಿಗಳ ಕಡೆಗೆ. ಅವನ್ನು ನಾನು ಮುಟ್ಟಿರಲೇ ಇಲ್ಲ.

"ಇದು ಯಾರ್ದು?"

ನಾನು ದೀಪ ಆರಿಸಿದೆ.

ಗದ್ದಲ ಅಡಗಿತು. ಕಿಟಕಿಯಿಲ್ಲದ ಶೆಡ್ಡು, ನನ್ನ ಕೈಯೇ ನನಗೆ ಕಾಣದು. ಹಕ್ಕಿಗಳ ಉಸಿರಿನಲ್ಲಿ ಗೊರಗೊರ ಇರಲಿಲ್ಲ. ಅವನ ಬೆರಳು ತಡಕಾಡುತ್ತಾ ಬಂದು ನನ್ನ ಬೆರಳನ್ನು ಹಿಡಿಯಿತು. ಎಳೆದುಕೊಳ್ಳಲು ಮನಸ್ಸಾಗಲಿಲ್ಲ.

ಆಗ ಮೂಲೆಯಿಂದ ಬಂತು. ನೀರು ತುಂಬಿದ, ಎಳೆದೆಳೆದು ಬಿಡುವ ಉಸಿರು.

ಅವನ ಬೆರಳು ತಣ್ಣಗಾಯಿತು. "ಬ್ರೆನ್ನಾ," ಪಿಸುಗುಟ್ಟಿದ, "ಇಲ್ಲಿ ನಾವಿಬ್ರೇ ತಾನೆ?"

ಕೇಳಿಸಿತ್ತು! ನನಗೆ ಅಳು ಒತ್ತರಿಸಿ ಬಂತು. "ಅಪ್ಪ," ಎಂದೆ. "ಕೋಳಿಗಳದ್ದು ಮುಗೀಲಿ ಅಂತ ತಾನು ಚುಚ್ಚಿಸಿಕೊಳ್ಳಲೇ ಇಲ್ಲ."

ಓಡಿಹೋಗುತ್ತಾನೆ ಎಂದುಕೊಂಡೆ. ಅವನು ಗಂಟಲು ಸರಿಮಾಡಿಕೊಂಡ.

"ಯಜಮಾನ್ರೇ, ನಾನು ಕೋಳಿ ಡಾಕ್ಟ್ರು. ನಿಮ್ಮ ಹಕ್ಕಿಗಳಿಗೆಲ್ಲ ಲಸಿಕೆ ಆಯ್ತು. ನೋಡಿದ ಕೋಳಿಗಳ ನಾಲಿಗೆಯೆಲ್ಲ ನೀಲಿ, ಒಂದಕ್ಕೂ ಗೊರಗೊರ ಇಲ್ಲ. ನಿಮ್ಮ ಕೆಲ್ಸ ಮುಗೀತು." ಸ್ವಲ್ಪ ತಡೆದ. "ನಿಮ್ಮ ಮಗಳನ್ನ ನಾನು ನೋಡ್ಕೋತೀನಿ. ಅವ್ರು ಒಪ್ಪಿದ್ರೆ."

ಉಸಿರು ನಿಂತಿತು. ಆಮೇಲೆ ಒಂದೇ ಒಂದು ನೀಳವಾದ, ಹಗುರವಾದ ನಿಟ್ಟುಸಿರು. ಕತ್ತಲಲ್ಲಿ ಕೋಳಿಗಳು ಎರಡೂ ಬದಿಗೆ ಸರಿದು ಯಾರಿಗೋ ದಾರಿ ಬಿಡುವ ಸದ್ದು ಮೂಲೆಯಿಂದ ಶುರುವಾಗಿ, ನಮ್ಮ ಪಕ್ಕದಲ್ಲೇ ಹಾದು, ಬಾಗಿಲ ತನಕ ಹೋಯಿತು.

ದೀಪ ಹಾಕಿದೆ. ಕ್ಯಾಲಮ್‌ನ ಮುಖ ಬಿಳುಚಿಕೊಂಡಿತ್ತು.

"ಹೆದರಿಕೆ ಆಯ್ತಾ ಡಾಕ್ಟ್ರೇ?"

"ಆಗ್ದೆ ಇರುತ್ತಾ?" ಆದರೆ ನನ್ನ ಕೈ ಬಿಟ್ಟಿರಲಿಲ್ಲ.

ಬಾಗಿಲ ಹತ್ತಿರ ಬಂದರೆ, ಅಪ್ಪನ ಬೂಟುಗಳ ಮೂತಿ ಹೊರಗಡೆಗೆ ತಿರುಗಿತ್ತು. ಇಬ್ಬರೂ ನೋಡಿದೆವು. ನಾನು ಅವನ್ನು ಎತ್ತಿ ಹಲಗೆಯ ಆಚೆ ಇಟ್ಟೆ.

"ನಾಳೆ ಹೋಗ್ತೀರಾ?" ಕೇಳಿದೆ.

"ನೀವು ಹೋಗು ಅಂದ್ರೆ."

"ಕ್ಯಾಲಮ್," ಎಂದೆ, "ಇವತ್ತು ಸಂಜೆ ನಂಗೇನೂ ಕೆಲ್ಸ ಇಲ್ಲ."