ಗುಜರಿಗೆ ಹೋದ ಪ್ರಿಂಟರಿನ ಡ್ರೈವರ್

ಕಂಪ್ಯೂಟರ್ ರಿಪೇರಿಯಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಬೇಕು. ನಾನು ಬಾಗಿಲಲ್ಲಿ ನಿಂತು ಕೆಮ್ಮಿದರೆ ಸಾಕು, ಕೆಟ್ಟ ಯಂತ್ರಗಳು ತಾವಾಗಿಯೇ ನೆಟ್ಟಗಾಗುತ್ತವೆ. ಆದರೆ ಅಕ್ಕನ ಫೋಟೋ ಸ್ಟುಡಿಯೋದಲ್ಲಿ ನಡೆದದ್ದಕ್ಕೆ ಒಂದು ಚಿಟಿಕೆ ಉಪ್ಪುಖಾರವನ್ನೂ ಬೆರೆಸಿಲ್ಲ.

ಭಾವ ತೀರಿಕೊಂಡ ಮೇಲೆ ಅಕ್ಕ ಅವರ ಹಳೆಯ ಪ್ರಿಂಟರನ್ನು ಗುಜರಿಗೆ ಹಾಕಿ ಹೊಸದನ್ನು ತಂದಿದ್ದಳು. ಅದು ಒಂದೇ ಒಂದು ಫೋಟೋವನ್ನೂ ಮುದ್ರಿಸಲಿಲ್ಲ. ಗಿರಾಕಿಗಳೆಲ್ಲ ಎದುರಂಗಡಿಗೆ ಹೋಗತೊಡಗಿದರು.

"ಬೇಗ ಸರಿ ಮಾಡೋ, ಇಲ್ಲಾಂದ್ರೆ ಅಂಗಡಿಗೆ ಬೀಗಾನೇ ಗತಿ," ಅಂದಳು ಅಕ್ಕ.

"ಹಳೇ ಪ್ರಿಂಟರನ್ನ ನಡೆಸ್ತಿದ್ದ ಸಾಫ್ಟ್‌ವೇರು, ಅದೇ ಡ್ರೈವರ್, ಇನ್ನೂ ಕಂಪ್ಯೂಟರಲ್ಲಿ ಅಡ್ಡ ಕೂತಿದೆ ಅಕ್ಕಾ. ಬೇರುಸಮೇತ ಕಿತ್ತು ಹೊಸದು ಹಾಕ್ತೀನಿ, ನೋಡ್ತಿರು!"

ಮಟಮಟ ಮಧ್ಯಾಹ್ನ. ಆ ಡ್ರೈವರನ್ನು ಅಳಿಸಿ ಕಂಪ್ಯೂಟರನ್ನು ಮತ್ತೆ ಶುರು ಮಾಡಿದರೆ, ಅದು ಅಲ್ಲೇ ಇತ್ತು. ಅಳಿಸಿದಷ್ಟು ಸಲವೂ ಕೀಬೋರ್ಡ್ ಮಂಜುಗಡ್ಡೆಯಂತೆ ತಣ್ಣಗಾಗುತ್ತಿತ್ತು. ಆಮೇಲೆ ಹಳೆಯ ಪ್ರಿಂಟರ್ ಇದ್ದ ಮೂಲೆಯ ಖಾಲಿ ಮೇಜಿನಿಂದ ಬಿಸಿ ಶಾಯಿಯ ವಾಸನೆ ಬಂತು. ಹಿಂದೆಯೇ ಹಳೆಯ ಪ್ರಿಂಟರಿನ ಕರ್ರ್ ಕರ್ರ್ ಗೊಣಗಾಟ. 'ಹಳೆಯ ಪ್ರಿಂಟರಿನಲ್ಲಿ ಕಾಗದ ಮುಗಿದಿದೆ' ಎಂದು ತೆರೆಯ ಮೇಲೆ ಮೂಡಿತು.

ನಾನು ಕುರ್ಚಿ ಸಮೇತ ಹಿಂದಕ್ಕೆ ಸರಿದೆ. ಅಕ್ಕ ಮಾತ್ರ ಒಂದು ಕಟ್ಟು ಕಾಗದ ತಂದು ಆ ಖಾಲಿ ಮೇಜಿನ ಮೇಲಿಟ್ಟಳು.

"ನಿಮ್ ಭಾವಂಗೆ ಕಾಯೋದಂದ್ರೆ ಆಗ್ತಿರ್ಲಿಲ್ಲ ಕಣೋ."

ತೆರೆಯ ಮೇಲಿನ ಸಾಲು ಮಾಯವಾಯಿತು. ಹೊಸ ಪ್ರಿಂಟರ್ ತಾನಾಗಿಯೇ ಫೋಟೋ ಹೊರಹಾಕತೊಡಗಿತು.

ಅಂಗಡಿ ಈಗ ಜೋರಾಗಿ ನಡೆಯುತ್ತಿದೆ, ಕೀರ್ತಿಯೆಲ್ಲ ನನ್ನದೇ. ಆ ಹಳೆಯ ಡ್ರೈವರನ್ನು ಕೀಳುವ ಗೋಜಿಗೆ ಹೋಗದೆ, ಅದರ ಹೊಸ ಆವೃತ್ತಿ ಬಂದಾಗಲೆಲ್ಲ ಮರೆಯದೆ ಹಾಕುತ್ತೇನೆ. ಆ ಪ್ರಿಂಟರ್ ತಯಾರಿಸುತ್ತಿದ್ದ ಕಂಪನಿ ಬಾಗಿಲು ಮುಚ್ಚಿ ಯಾವ ಕಾಲವಾಯಿತೋ. ಹೊಸ ಆವೃತ್ತಿಗಳು ಇನ್ನೂ ಬರುತ್ತಲೇ ಇವೆ.