ಬ್ಯಾಂಕಾಕ್‌ನಿಂದ ಬಂದ ಆರು ಈಮೇಲ್

ಮೇಲೆ ಬೀಗ ಹಾಕಿದ ಬಾಗಿಲು. ಕೆಳಗೆ ಕ್ರಿಕೆಟ್ ಬ್ಯಾಟು ಹಿಡಿದ ವಿಕಾಸ.

ನಡುವೆ ಹದಿನಾಲ್ಕು ಮೆಟ್ಟಿಲು, ಮತ್ತು ನಾನು.

ನನಗೆ ಐವತ್ತೆರಡು ವರ್ಷ. ಎಡ ಮೊಣಕಾಲು ಸರಿಯಿಲ್ಲ. ಬ್ಯಾಗಿನಲ್ಲಿ ಆರು ಹಾಳೆ ಬಿಟ್ಟರೆ ಬೇರೇನೂ ಇಲ್ಲ...

ವಿಕಾಸ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಅವನಿಗೆ ಅವಸರವಿರಲಿಲ್ಲ. ಆ ಮೆಟ್ಟಿಲಿಗೆ ಇನ್ನೊಂದು ದಾರಿಯಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಸ್ವಲ್ಪ ತಾಳಿ. ಅಲ್ಲಿಗೆ ಹೋಗಿ ಹೇಗೆ ಸಿಕ್ಕಿಬಿದ್ದೆ ಅನ್ನುವುದನ್ನು ಮೊದಲು ಹೇಳುತ್ತೇನೆ. ಇಲ್ಲದಿದ್ದರೆ ನಾನೊಬ್ಬ ದಡ್ಡಿ ಅಂದುಕೊಳ್ಳುತ್ತೀರಿ. ಕೇಳಿದ ಮೇಲೂ ಅಂದುಕೊಳ್ಳಬಹುದು, ಅದು ನಿಮಗೆ ಬಿಟ್ಟದ್ದು.

ನನ್ನ ಹೆಸರು ಭುವನೇಶ್ವರಿ. ವಿಜಾಪುರದವಳು. ಹದಿನೆಂಟು ವರ್ಷ ಲಂಡನ್ನಿನ ಕೋರ್ಟು, ಕೌನ್ಸಿಲ್, ಆಸ್ಪತ್ರೆಗಳಲ್ಲಿ ನಮ್ಮ ಜನರ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವ ಕೆಲಸ ಮಾಡಿದೆ. ಜನ ಸುಳ್ಳು ಹೇಳುವಾಗ ಎರಡೂ ಭಾಷೆಯಲ್ಲಿ ಗೊತ್ತಾಗುವಷ್ಟು ಪಳಗಿದೆ. ಆಮೇಲೆ ಕ್ವೀನ್ಸ್‌ಬರಿಯಲ್ಲಿ ಒಂದು ಮೆಡಿಕಲ್ ಶಾಪಿನ ಮೇಲೆ ಕೋಣೆ ಹಿಡಿದು ಪತ್ತೇದಾರಿಕೆ ಶುರು ಮಾಡಿದೆ. ಓಡಿಹೋದ ಗಂಡಂದಿರು, ಮದುವೆಗೆ ಮುಂಚೆ ಹುಡುಗನ ವಿಚಾರಣೆ... ಇಂಥವೇ.

ಎರಡು ಸಾವಿರದ ನಾಲ್ಕು, ಜೂನ್ ತಿಂಗಳು. ಸೋಮವಾರ ಬೆಳಿಗ್ಗೆ ಪಾರ್ವತೆವ್ವ ಬಂದರು. ಧಾರವಾಡದಲ್ಲಿ ಕನ್ನಡ ಶಾಲೆಯ ಟೀಚರ್ ಆಗಿದ್ದವರು, ಈಗ ಕಿಂಗ್ಸ್‌ಬರಿಯಲ್ಲಿ ಒಂದು ಸಣ್ಣ ಫ್ಲಾಟಿನಲ್ಲಿದ್ದರು. ಕುರ್ಚಿಯಲ್ಲಿ ಕೂರುವ ಮೊದಲೇ ಐದು ಹಾಳೆಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಹರಡಿದರು, ಪರೀಕ್ಷೆಯ ಉತ್ತರಪತ್ರಿಕೆ ಹರಡಿದ ಹಾಗೆ.

ಅವು ಮಗಳು ವೈದೇಹಿಯ ಈಮೇಲ್‌ಗಳು. ವೈದೇಹಿ ಒಬ್ಬಳೇ ಬ್ಯಾಂಕಾಕ್ ನೋಡಲು ಹೋಗಿದ್ದಾಳೆ ಅಂತ ಅಳಿಯ ಹೇಳಿದ್ದ. ಹೊರಡುವಾಗ ತಾಯಿಗೆ ಒಂದು ಫೋನಿಲ್ಲ. ಹೋದ ಮೇಲೂ ಇಲ್ಲ. ವಾರಕ್ಕೊಂದು ಈಮೇಲ್ ಮಾತ್ರ, ಕನ್ನಡದ್ದೇ, ಇಂಗ್ಲಿಷ್ ಅಕ್ಷರದಲ್ಲಿ. ಪಾರ್ವತೆವ್ವ ಅವನ್ನು ಲೈಬ್ರರಿಯಲ್ಲಿ ಪ್ರಿಂಟ್ ತೆಗೆಸಿ ಓದುತ್ತಿದ್ದರು.

ಪತ್ರಗಳೇನೋ ಚೆನ್ನಾಗಿದ್ದವು. ಬಂಗಾರದ ಗೋಪುರದ ಅರಮನೆ, ಬಾಗಿಲು ಕಾಯುವ ರಾಕ್ಷಸರು, ಪಚ್ಚೆ ಬುದ್ಧ. ಅಂಗಾಲಿಗೆ ಮುತ್ತಿನ ಚಿಪ್ಪು ಕೂರಿಸಿಕೊಂಡು ಮಲಗಿದ ಇನ್ನೊಬ್ಬ ಬುದ್ಧ, ಒಂದು ಓಣಿಯಷ್ಟು ಉದ್ದ. ಕಾಲುವೆಯ ದೋಣಿಯಲ್ಲಿ ಕೂತು ಮಾಡಿಕೊಡುವ ನೂಡಲ್ಸ್, ಅಂಟುಅಕ್ಕಿಯ ಜೊತೆ ಮಾವಿನಹಣ್ಣು. ಬೀದಿ ಗಾಡಿಯ ಹತ್ತಿರ ನಿಂತು ಉಂಡ ಬದನೆಕಾಯಿಯ ಹಸಿರು ಸಾರು.

ಪಾರ್ವತೆವ್ವ ಬೆರಳಿಟ್ಟದ್ದು ಅಲ್ಲಿಯೇ.

"ನನ್ನ ಮಗಳಿಗೆ ಬದನಿಕಾಯಿ ಆಗಂಗಿಲ್ಲವಾ. ಒಂದು ತುತ್ತು ತಿಂದರ ಮೈತುಂಬ ಪಿತ್ತಗಂಧೆ ಏಳತಾವ. ಐದು ಪತ್ರದಾಗ ಮೂರು ಸರತಿ ತಿಂದಾಳ."

ಬೇರೆಯವರು ಬರೆದಿರಬಹುದು ಅಂದೆ. ಅವರು ತಲೆ ಅಲ್ಲಾಡಿಸಿದರು. ಮಾತಿನ ಧಾಟಿಯೆಲ್ಲ ಮಗಳದೇ ಅಂತೆ. ಮಗಳೇ ಬರೆದಿದ್ದಾಳೆ, ಆದರೆ ತಾಯಿಗೆ ಏನೋ ಸನ್ನೆ ಮಾಡುತ್ತಿದ್ದಾಳೆ. ಪೊಲೀಸರ ಹತ್ತಿರ ಹೋಗಿದ್ದರು. ವಾರವಾರ ಪತ್ರ ಬರೆಯುವ ದೊಡ್ಡ ಹೆಂಗಸನ್ನು ಕಾಣೆಯಾದವಳು ಅನ್ನಲು ಬರುವುದಿಲ್ಲ ಅಂದರಂತೆ.

ಮರುದಿನ ಎಜ್‌ವೇರ್‌ಗೆ ಹೋದೆ. ಅಳಿಯ ರಾಮಪ್ರಸಾದ್ ಬೆಂಗಳೂರಿನವನು. ಊರಿನಿಂದ ಹುಡುಗರನ್ನು ವರ್ಕ್ ವೀಸಾ ಮೇಲೆ ಕರೆತಂದು ಇಲ್ಲಿನ ಆಫೀಸು, ಹೋಟೆಲುಗಳಿಗೆ ಒದಗಿಸುವ ಏಜೆನ್ಸಿ ಅವನದು. ಕಾಫಿ ಕೊಟ್ಟ, ನಕ್ಕ, ಹೆಂಡತಿಗೆ ಊರು ಸುತ್ತುವ ಹುಚ್ಚು ಅಂತ ಹೇಳಿದ. ಸೋಫಾ ಪಕ್ಕದಲ್ಲಿ ಬ್ಯಾಂಕಾಕ್ ಗೈಡ್‌ಬುಕ್ ಇತ್ತು. ಅರಮನೆ, ದೇವಸ್ಥಾನಗಳ ಪುಟಗಳೆಲ್ಲ ಮಡಿಚಿದ್ದವು.

ಊರು ನೋಡಲು ಹೋದವಳು ಪುಸ್ತಕ ಬಿಟ್ಟು ಹೋಗಿದ್ದಾಳೆ. ಮನೆಯಲ್ಲಿ ಕೂತವನು ಓದುತ್ತಿದ್ದಾನೆ!

ನನ್ನ ಕಣ್ಣು ಎಲ್ಲಿ ನಿಂತಿತು ಅನ್ನುವುದನ್ನು ಅವನು ನೋಡಿದ. ಬಾಗಿಲ ತನಕ ಬಂದು ಕಳಿಸಿಕೊಟ್ಟ.

"ಹುಷಾರಾಗಿ ಹೋಗಿ ಮೇಡಂ. ನಿಮ್ಮ ವಯಸ್ಸಿನವರು ಈ ಊರಲ್ಲಿ ಎಲ್ಲಾದ್ರೂ ಬಿದ್ರೆ ಎಷ್ಟೋ ದಿನ ಯಾರಿಗೂ ಗೊತ್ತಾಗಲ್ಲ."

ಬುಧವಾರ ನನ್ನ ಕಾರಿನ ನಾಲ್ಕೂ ಟೈರು ಕೊಯ್ದಿದ್ದರು. ನನ್ನ ಆಫೀಸಿನ ಎದುರು ಬಸ್ ಸ್ಟಾಪಿನಲ್ಲಿ ಒಬ್ಬ ಹುಡುಗ ಬಸ್ಸು ಹತ್ತದೆ ಇಡೀ ದಿನ ನಿಂತ. ಇಪ್ಪತ್ತೈದು ವರ್ಷ, ಅಗಲ ಹೆಗಲು, ನೀಲಿ ಜಾಕೆಟ್ಟು. ಯಾರೆಂದು ವಿಚಾರಿಸಿದೆ. ವಿಕಾಸ, ಬೆಳಗಾವಿ ಕಡೆಯವನು, ಹೋಟೆಲ್ ಕುಕ್ ಅಂತ ಬಂದು ರಾಮಪ್ರಸಾದನ ಹೊಡೆದಾಟದ ಆಳು ಆದವನು.

ನಾನೂ ಸುಮ್ಮನೆ ಕೂರಲಿಲ್ಲ. ಏಜೆನ್ಸಿಯ ಹೆಸರಿನಲ್ಲಿರುವ ವಿಳಾಸಗಳನ್ನೆಲ್ಲ ಹುಡುಕಿ ತೆಗೆದೆ. ಮೂರಿದ್ದವು. ಒಂದು ಎಜ್‌ವೇರ್‌ನಲ್ಲಿ, ಒಂದು ಹ್ಯಾರೋದಲ್ಲಿ, ಮೂರನೆಯದು ವೆಂಬ್ಲಿಯ ಈಲಿಂಗ್ ರೋಡಿನಲ್ಲಿ ಸೀರೆ ಅಂಗಡಿಯ ಮೇಲಿನ ಫ್ಲಾಟು. ವೈದೇಹಿ ಯಾವುದರಲ್ಲಿದ್ದಾಳೆ, ಅಸಲಿಗೆ ಲಂಡನ್ನಿನಲ್ಲೇ ಇದ್ದಾಳೋ ಇಲ್ಲವೋ, ಗೊತ್ತಿರಲಿಲ್ಲ. ತಪ್ಪು ಬಾಗಿಲು ತಟ್ಟಿದರೆ ಸರಿಯಾದ ಬಾಗಿಲು ಆ ಕ್ಷಣವೇ ಖಾಲಿಯಾಗುತ್ತದೆ.

ಗುರುವಾರ ಆರನೆಯ ಈಮೇಲ್ ಬಂತು.

"ಅವ್ವಾ, ನಾಡದು ದಕ್ಷಿಣದ ದ್ವೀಪಕ್ಕ ಹೋಗತೀನಿ. ಅಲ್ಲಿ ಇಂಟರ್‌ನೆಟ್ ಇರೂದಿಲ್ಲ. ಪತ್ರ ಬರಲಿಲ್ಲಂದ್ರ ಕಾಳಜಿ ಮಾಡಬ್ಯಾಡ."

ಎರಡು ಸಲ ಓದಿದೆ. ಬ್ಯಾಂಕಾಕ್‌ನಲ್ಲಿ ಕಳೆದುಹೋದವಳನ್ನು ಬ್ಯಾಂಕಾಕ್‌ನಲ್ಲಿ ಹುಡುಕುತ್ತಾರೆ. ಲಂಡನ್ನಿನಲ್ಲಿ ಯಾರು ಹುಡುಕುತ್ತಾರೆ?

ಶುಕ್ರವಾರ ಮಧ್ಯಾಹ್ನ ಆರೂ ಹಾಳೆ ಹಿಡಿದು ನನಗೆ ಗೊತ್ತಿದ್ದ ಒಬ್ಬ ವಕೀಲರ ಹತ್ತಿರ ಹೊರಟೆ. ಕ್ವೀನ್ಸ್‌ಬರಿಯಲ್ಲಿ ಟ್ಯೂಬ್ ರೈಲು ಹತ್ತಿದೆ. ನೀಲಿ ಜಾಕೆಟ್ಟೂ ಹತ್ತಿತು, ಅದೇ ಡಬ್ಬಿಗೆ, ಆ ಕೊನೆಯ ಬಾಗಿಲಿನಲ್ಲಿ. ಅವನ ಕಡೆ ನೋಡದೆ ಈಮೇಲ್‌ಗಳನ್ನು ಮತ್ತೊಮ್ಮೆ ಓದತೊಡಗಿದೆ. ಪ್ರತಿ ಪತ್ರದ ಕೊನೆಗೂ ಹೋಟೆಲ್ ಕಿಟಕಿಯ ಮಾತಿತ್ತು. ದೂರದಲ್ಲೊಂದು ಗುಡಿ, ಪೂರಾ ಬಿಳಿ, ಬೆಣ್ಣೆಯಲ್ಲಿ ಕೆತ್ತಿದ ಹಾಗೆ. ಈಚೆಗೆ ನೆಲದ ಮೇಲೆ ಮಲಗಿಸಿದ ಭಾರೀ ಉಕ್ಕಿನ ಬಿಲ್ಲು. ಮೊದಲ ಪತ್ರದಲ್ಲಿ ಮಲಗಿತ್ತು. ಆರನೆಯದರಲ್ಲಿ ಅರ್ಧ ಎದ್ದಿತ್ತು. ಕಿಟಕಿಯ ಕೆಳಗೆ ಗೊಂಜಾಳ, ಅಂದರೆ ಮೆಕ್ಕೆಜೋಳದ ತೆನೆ, ಸುಟ್ಟು ನಿಂಬೆಹಣ್ಣು, ಖಾರ ಸವರಿ ಕೊಡುವವನು. ಪಕ್ಕದಲ್ಲಿ ಕಬ್ಬಿನ ಹಾಲಿನ ಗಾಣ.

ರೈಲು ವೆಂಬ್ಲಿ ಪಾರ್ಕಿಗೆ ಬಂದು ನಿಂತಿತು. ತಲೆ ಎತ್ತಿದೆ.

ಕಿಟಕಿಯ ಹೊರಗೆ ಹೊಸ ಸ್ಟೇಡಿಯಂ ಕಟ್ಟುತ್ತಿದ್ದರು. ಅದರ ಕಮಾನು, ಬಿಳಿ ಉಕ್ಕಿನದು, ಹಗ್ಗಗಳಲ್ಲಿ ಅರ್ಧ ಎದ್ದು ನಿಂತಿತ್ತು.

ಬಿಲ್ಲು!

ಹಾಗಾದರೆ ಬೆಣ್ಣೆಯ ಗುಡಿ ಪಕ್ಕದ ನೀಸ್ಡನ್ನಿನ ಅಮೃತಶಿಲೆಯ ಮಂದಿರ. ಸುಟ್ಟ ಗೊಂಜಾಳ, ಕಬ್ಬಿನ ಹಾಲು ಎರಡೂ ಒಂದೇ ಕಡೆ ಸಿಗುವ ಬೀದಿ ಈ ಭಾಗದಲ್ಲಿ ಒಂದೇ, ಈಲಿಂಗ್ ರೋಡು. ಆ ಹುಡುಗಿ ಐದು ವಾರದಿಂದ ಬ್ಯಾಂಕಾಕ್ ಅಂತ ಹೇಳುತ್ತಾ ವೆಂಬ್ಲಿಯ ನಕ್ಷೆ ಬರೆದು ಕಳಿಸುತ್ತಿದ್ದಳು.

ಇಳಿದೆ. ವಿಕಾಸ ಇಳಿದ. ಎದುರು ಪ್ಲಾಟ್‌ಫಾರ್ಮಿನ ಮೆಟ್ರೊಪಾಲಿಟನ್ ಲೈನಿನ ಗಾಡಿಗೆ ಹತ್ತಿದೆ. ಅವನೂ ಹತ್ತಿದ. ಬಾಗಿಲು ಮುಚ್ಚುವ ಸದ್ದಾಯಿತು... ಕೊನೆಯ ಗಳಿಗೆಯಲ್ಲಿ ಹೊರಗೆ ಜಿಗಿದೆ. ಮೊಣಕಾಲು ಚೀರಿತು. ಗಾಜಿನ ಹಿಂದೆ ನೀಲಿ ಜಾಕೆಟ್ಟು ತೇಲಿ ಹೋಯಿತು.

ಎಂಬತ್ತಮೂರನೇ ನಂಬರಿನ ಬಸ್ಸಿನಲ್ಲಿ ಕೂತು ಪೊಲೀಸರಿಗೆ ಫೋನ್ ಮಾಡಿದೆ. ಬಿಳಿ ಗುಡಿ, ಬಿಲ್ಲು, ಬದನೆಕಾಯಿ ಅಂತ ವಿವರಿಸಿದೆ. ಆ ಕಡೆಯವನು ತಾಳ್ಮೆಯಿಂದ ನನ್ನ ಹೆಸರು ಕೇಳಿ ಬರೆದುಕೊಂಡ. ಇನ್ನೇನೂ ಬರೆದುಕೊಂಡಂತೆ ಕಾಣಲಿಲ್ಲ.

ಸೀರೆ ಅಂಗಡಿಯ ಹಿಂದಿನ ಬಾಗಿಲು ತೆರೆದೇ ಇತ್ತು. ಮೆಟ್ಟಿಲು ಹತ್ತಿದೆ. ಮೇಲಿನ ಬಾಗಿಲಿಗೆ ಹೊರಗಿನಿಂದ ಬೀಗ. "ವೈದೇಹಿ" ಅಂದೆ. ಒಳಗೆ ಏನೋ ಕೆಳಗೆ ಬಿತ್ತು. ಆಮೇಲೆ ಉಗುರಿನಿಂದ ಬಾಗಿಲು ಕೆರೆಯುವ ಸದ್ದು.

ಅಷ್ಟರಲ್ಲಿ ಕೆಳಗಿನ ಬಾಗಿಲು ಮುಚ್ಚಿಕೊಂಡಿತು.

ವಿಕಾಸ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಟ್ಯಾಕ್ಸಿ ಹಿಡಿದಿದ್ದ. ನಾನು ಎಲ್ಲಿಗೆ ಹೋಗಬಹುದು ಅನ್ನುವುದು ನನಗಿಂತ ಮೊದಲು ಅವನಿಗೆ ಗೊತ್ತಿತ್ತು. ಬ್ಯಾಟು ಕೆಳಗಿನ ಬಾಗಿಲ ಮೂಲೆಯಲ್ಲೇ ಇಟ್ಟಿದ್ದ.

ಅವನು ಹನ್ನೊಂದನೇ ಮೆಟ್ಟಿಲಿಗೆ ಬಂದು ಬ್ಯಾಟು ಬೀಸಿದ. ಎಡ ಭುಜಕ್ಕೆ ಬಿತ್ತು. ಒಳಗೆ ಏನೋ ಲಟ್ ಎಂದಿತು. ಎರಡನೇ ಏಟಿಗೆ ಅವನು ಕೈ ಎತ್ತಿದಾಗ ನನ್ನ ಹತ್ತಿರ ಇದ್ದ ಆಯುಧ ಒಂದೇ. ಎಪ್ಪತ್ತೆಂಟು ಕಿಲೋ ಮೈ. ಅದನ್ನು ಅವನ ಮೇಲೆ ಹಾಕಿಬಿಟ್ಟೆ.

ಇಬ್ಬರೂ ಉರುಳಿ ಕೆಳಗೆ ಬಂದೆವು. ಅವನು ಅಡಿಯಲ್ಲಿದ್ದ. ಬ್ಯಾಟು ಎಲ್ಲೋ ಹೋಯಿತು, ನನ್ನ ಫೋನು ನುಚ್ಚಾಯಿತು. ಅವನ ಎದೆಯ ಮೇಲೆ ಕೂತೆ. ಭುಜದ ನೋವಿಗೆ ಕಣ್ಣು ಕತ್ತಲಿಡುತ್ತಿತ್ತು, ಆದರೆ ಬಾಯಿ ಸರಿಯಿತ್ತು.

"ನಿನ್ನ ಪಾಸ್‌ಪೋರ್ಟ್ ಯಾರ ಕಡೆ ಅದ?" ಅಂತ ಕೇಳಿದೆ. ಇಂಥ ಏಜೆಂಟರ ಕತೆ ಕೋರ್ಟಿನಲ್ಲಿ ಎಷ್ಟೋ ಸಲ ತಿರುಗಿಸಿ ಹೇಳಿದ್ದೆ.

ಅವನು ಮುಖ ತಿರುಗಿಸಿದ. ಉತ್ತರ ಸಿಕ್ಕಿತು.

ಆರನೆಯ ಈಮೇಲ್ ತೆಗೆದು ಓದಿ ಹೇಳಿದೆ.

"ನಾಳೆ ಈಕಿ ದ್ವೀಪಕ್ಕ ಹೋಗತಾಳಂತ. ತಿರುಗಿ ಬರೂದಿಲ್ಲ. ಆಮ್ಯಾಲೆ ಯಾರರ ಬಂದು ಕೇಳತಾರ, ದಿನಾ ಊಟ ಒಯ್ದಾಂವ ಯಾರು, ಕೀಲಿ ಯಾರ ಕಿಸೆದಾಗಿತ್ತು ಅಂತ. ರಾಮಪ್ರಸಾದ್ ಯಾರ ಹೆಸರ ಹೇಳತಾನ?"

"ಆಕಿಗೆ ಹುಚ್ಚು ಹಿಡದದ, ಟ್ರೀಟ್‌ಮೆಂಟ್ ನಡದದ ಅಂತ ಸಾಹೇಬ್ರು ಹೇಳಿದ್ರರೀ ಅಕ್ಕಾರ."

"ನಿನಗೂ ಹಂಗ ಅನಿಸ್ತು?"

ಮೊದಲ ದಿನ ಊಟ ಕೊಟ್ಟಾಗ ಆಕೆ ಅವನ ಊರು ಯಾವುದು, ತಾಯಿ ಹೇಗಿದ್ದಾರೆ ಅಂತ ಕೇಳಿದ್ದಳಂತೆ. ಹುಚ್ಚರು ಹಾಗೆ ಕೇಳುವುದಿಲ್ಲ ಅಂತ ಅವತ್ತೇ ಅನ್ನಿಸಿತ್ತಂತೆ.

"ಕೀಲಿ ಕೊಡು" ಅಂದೆ. "ನಿನ್ನ ಪಾಸ್‌ಪೋರ್ಟ್ ನಿನ್ನ ಕೈಗೆ ಬರೂ ಹಂಗ ನಾ ಮಾಡತೀನಿ. ಇದು ನನ್ನ ಮಾತು."

ಕೊಟ್ಟ.

ವೈದೇಹಿ ಬಾಗಿಲ ಹಿಂದೆಯೇ ಕೂತಿದ್ದಳು. ತೆಳ್ಳಗಾಗಿದ್ದಳು, ಕಣ್ಣು ಮಾತ್ರ ತಾಯಿಯದೇ. ನಾನು ಯಾರು, ಯಾರು ಕಳಿಸಿದರು ಅಂತ ಹೇಳಿದೆ. ಅವಳು ಕೇಳಿದ್ದು ಒಂದೇ.

"ಅವ್ವಗ ಬದನಿಕಾಯಿ ಗೊತ್ತಾತು?"

ಆತು ಅಂದೆ. ಆಗ ಅತ್ತಳು.

ಗಂಡ ಹುಡುಗರ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡು ದಿನಕ್ಕೆ ಹದಿನಾರು ಗಂಟೆ ದುಡಿಸುತ್ತಿದ್ದದ್ದು ಅವಳಿಗೆ ಗೊತ್ತಾಗಿತ್ತು. ದೂರು ಕೊಡುತ್ತೇನೆ ಅಂದಿದ್ದಳು. ಮರುದಿನದಿಂದ ಈ ಕೋಣೆ. ವಾರಕ್ಕೊಮ್ಮೆ ಗೈಡ್‌ಬುಕ್ ಎದುರಿಗಿಟ್ಟು ಪತ್ರ ಬರೆಸಿಕೊಂಡು, ಎಜ್‌ವೇರ್‌ಗೆ ಹೋಗಿ ಕಳಿಸುತ್ತಿದ್ದ. ಆ ಪುಸ್ತಕದಲ್ಲೂ ಅಮೃತಶಿಲೆಯ ಗುಡಿಯೊಂದಿತ್ತು, ಹಾಗಾಗಿ ಬಿಳಿ ಗುಡಿಯ ಬಗ್ಗೆ ಅವನಿಗೆ ಅನುಮಾನ ಬರಲಿಲ್ಲ. ಬಿಲ್ಲು ಕಾಣುತ್ತಿದ್ದದ್ದು ಬಚ್ಚಲಿನ ಸಣ್ಣ ಕಿಂಡಿಯಿಂದ, ಕಮೋಡಿನ ಮೇಲೆ ಹತ್ತಿ ನಿಂತರೆ. ಅವನು ಯಾವತ್ತೂ ಹತ್ತಿರಲಿಲ್ಲ. ಮೊದಮೊದಲು ಕೂಗಿದ್ದಳಂತೆ. ಕೆಳಗಿನ ಅಂಗಡಿಯವರಿಗೂ ಅವನು ಅದೇ ಹುಚ್ಚಿನ ಕತೆ ಹೇಳಿಟ್ಟಿದ್ದ.

ಮೆಟ್ಟಿಲ ಮೇಲೆ ಬೂಟಿನ ಸದ್ದು.

ರಾಮಪ್ರಸಾದ್ ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಬಂದ. ಹೊಸ್ತಿಲು ದಾಟಿಸುವಾಗ ಅವನು ಅದನ್ನು ಎರಡು ಬೆರಳಲ್ಲಿ ಎತ್ತಿದ. ಖಾಲಿ.

ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ. ದನಿ ಎತ್ತಲಿಲ್ಲ. ಬ್ಯಾಟು ಹುಡುಕಿಕೊಂಡು ನನ್ನ ಹಿಂದೆಯೇ ಮೇಲೆ ಬಂದು ಗೋಡೆಗೊರಗಿದ್ದ ವಿಕಾಸನ ಕಡೆ ತಿರುಗಿದ.

"ಬಾಗಿಲು ಹಾಕು. ನಿನ್ನ ವೀಸಾ ಮುಗಿದು ನಾಲ್ಕು ತಿಂಗಳಾಯ್ತು, ನೆನಪಿದೆ ತಾನೆ? ನಾನು ಒಂದು ಫೋನ್ ಮಾಡಿದ್ರೆ ಸಾಕು."

ವಿಕಾಸ ಬಾಗಿಲು ಹಾಕಿದ.

ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಜೇಬಿನಿಂದ ಮೊಬೈಲ್ ತೆಗೆದು ತಾನೇ ಪೊಲೀಸರ ನಂಬರು, ಮೂರು ಸಲ ಒಂಬತ್ತು, ಒತ್ತಿದ. ನನ್ನ ಕೈಗೆ ಕೊಟ್ಟ.

"ನನ್ನ ಇಂಗ್ಲಿಷ್ ಬರೋಬ್ಬರಿಲ್ಲರಿ. ನೀವ ಹೇಳ್ರಿ."

ಈ ಸಲ ಬದನೆಕಾಯಿಯ ಮಾತೆತ್ತಲಿಲ್ಲ. ಒಬ್ಬ ಹೆಂಗಸು, ಒಂದು ಬೀಗ, ಮುರಿದ ಭುಜ, ವಿಳಾಸ. ರಾಮಪ್ರಸಾದ್ ಫೋನಿಗೆ ಹಾರಿದ. ವಿಕಾಸ ಒಮ್ಮೆ ಮಾತ್ರ ಬೀಸಿದ, ಮೊಣಕಾಲಿನ ಕೆಳಗೆ. ಒಂದೇ ಸಾಕಾಯಿತು. ಪೊಲೀಸರು ಆರು ನಿಮಿಷದಲ್ಲಿ ಬಂದರು.

ಅಡುಗೆಮನೆಯ ಕಪಾಟಿನಲ್ಲಿ ಬಿಸ್ಕತ್ತಿನ ಡಬ್ಬಿ, ಅದರೊಳಗೆ ಮೂವತ್ತೊಂದು ಪಾಸ್‌ಪೋರ್ಟು. ಎಲ್ಲವನ್ನೂ ಸಾಕ್ಷ್ಯ ಅಂತ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುದ್ರೆ ಒತ್ತಿ ಒಯ್ದರು. ವಿಕಾಸ ಕೈ ಚಾಚಿದ್ದ, ಆಮೇಲೆ ಇಳಿಸಿದ.

ರಾಮಪ್ರಸಾದನಿಗೆ ಒಂಬತ್ತು ವರ್ಷ ಜೈಲಾಯಿತು. ವಿಕಾಸ ಎರಡು ದಿನ ಕಟಕಟೆಯಲ್ಲಿ ನಿಂತು ಇದ್ದದ್ದನ್ನೆಲ್ಲ ಹೇಳಿದ, ತಾನು ಹೊಡೆದದ್ದನ್ನೂ ಸೇರಿಸಿ. ಅವನ ಮಾತು ಇಲ್ಲದಿದ್ದರೆ ಕೇಸು ನಿಲ್ಲುತ್ತಿರಲಿಲ್ಲ ಅಂತ ನ್ಯಾಯಾಧೀಶರೇ ಹೇಳಿದರು. ವೈದೇಹಿ, ಪಾರ್ವತೆವ್ವ, ನಾನು, ಮೂರು ಜನ ಇಮಿಗ್ರೇಷನ್‌ನವರಿಗೆ ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಬಂದ ಉತ್ತರಗಳೆಲ್ಲ ಒಂದೇ ತರಹ. ವೀಸಾ ಮುಗಿದಿದೆ.

ನಾನು ಅವನಿಗೆ ಮಾತು ಕೊಟ್ಟಿದ್ದೆನಲ್ಲ... ಅದು ಸುಳ್ಳಾಗಲಿಲ್ಲ. ಪಾಸ್‌ಪೋರ್ಟು ಅವನ ಕೈಗೇ ಬಂತು.

ಹೀತ್ರೋದಲ್ಲಿ, ವಿಮಾನದ ಬಾಗಿಲ ಹತ್ತಿರ.